ಕಾಟಾದ ಮೇಲೆ ಊರಮ್ಮ

"ಮೂರು ತಿಂಗಳು ನನ್ನ ಬ್ಯಾಳಿ, ನನ್ನ ತತ್ತಿ ತಿಂದೀದಿ. ಎಲ್ಲಿಗ್ಹೋತಲೇ ಬೋಸುಡಿ? ಮಾರ್ಕೊಂಡಿಯೇನು?"

ಸಿರುಗುಪ್ಪದ ರೈಸ್‌ಮಿಲ್ಲಿನ ಅಂಗಳದಲ್ಲಿ, ಅಕ್ಕಿ ಮೂಟೆ ತೂಗುವ ಕಾಟಾದ ಮೇಲೆ ಊರಮ್ಮ ನಿಂತಿದ್ದಳು. ಮೂವತ್ತನಾಲ್ಕು ಕೆಜಿ. ಹೋದ ತಿಂಗಳೂ ಅಷ್ಟೇ, ಅದರ ಹಿಂದಿನ ತಿಂಗಳೂ ಅಷ್ಟೇ. ಬೈಯುತ್ತಿದ್ದವನು ಮಿಲ್ಲಿನ ಧಣಿ ದೊಡ್ಡಬಸಪ್ಪ. ಆರು ಮಂದಿ ಟಿಬಿ ರೋಗಿಗಳಿಗೆ ಅವನು ಆಹಾರದ ಕಿಟ್ ಕೊಡುತ್ತಿದ್ದ. ಪ್ರತಿ ಸಲವೂ ತೂಗಿ, ಫೋಟೊ ಹಿಡಿಸಿ. ಉಳಿದ ಐವರು ಮೈದುಂಬಿಕೊಂಡಿದ್ದರು. ಇವಳೊಬ್ಬಳು ಅವನ ಪುಣ್ಯಕ್ಕೆ ಕಲ್ಲು ಹಾಕಿದ್ದಳು. ಪಟ್ಟಿಯಿಂದ ಇವಳ ಹೆಸರು ಹೊಡೆದುಹಾಕು ಎಂದು ಗುಮಾಸ್ತನಿಗೆ ಹೇಳಿದ.

ಆಸ್ಪತ್ರೆಯಿಂದ ಬಂದಿದ್ದ ನರ್ಸ್ ನಂದಿನಿ, ಗುಳಿಗೆ ನುಂಗುತ್ತೀಯೋ ಇಲ್ಲವೋ ಎಂದು ಕೇಳಿದಳು. ದಿನಾ ನುಂಗುತ್ತೇನೆ, ನೀವು ಹೇಳಿದಂತೆ ಉಚ್ಚೆಯೂ ಕೆಂಪಗೇ ಹೋಗುತ್ತದೆ ಎಂದಳು ಊರಮ್ಮ. ಆಮೇಲೆ ಸೆರಗು ಬಾಯಿಗೆ ಹಿಡಿದು ಇನ್ನೊಂದು ಮಾತು ಹೇಳಿದಳು. ಹೊಟ್ಟೆಯಿಂದ ಗೇಣುದ್ದದ ಹುಳ ಬೀಳುತ್ತಿದ್ದವು. ಉಗಾದಿ ಹೊತ್ತಿಗೆ ಎರಡು, ಮೊನ್ನೆ ಒಂದು. ರೋಗವೇ ಹೊರಗೆ ಬೀಳುತ್ತಿದೆ ಎಂದುಕೊಂಡು ಅವಳು ಒಳಗೊಳಗೇ ಹಿಗ್ಗಿದ್ದಳು.

ನಂದಿನಿ ಪೆನ್ನು ಕೆಳಗಿಟ್ಟಳು. "ಅದು ರೋಗ ಹೋಗೂದಲ್ಲಬೇ ಅಕ್ಕ. ಅದು ಇನ್ನೊಂದು ರೋಗ. ನೀ ತಿಂದದ್ದು ಅವು ತಿಂತಾವ. ಯಾವ ನೀರು ಕುಡೀತಿ?"

"ಧಣೇರ ಹೊಲಕ್ಕ ನಾಟಿಗೆ ಹೋದ್ರ ಕಾಲುವಿ ನೀರು."

ಆ ಹೊಲದಲ್ಲಿ ನಲವತ್ತು ಹೆಂಗಸರಿಗೆ ಸಂಡಾಸಿಗೆ ಕೂಡ್ರಲು ಒಂದು ಮರೆ ಇರಲಿಲ್ಲ. ಕಾಲುವೆ ಏರಿಯ ಮೇಲೇ ಹೋಗಬೇಕು, ಅಲ್ಲೇ ತೊಳೆದುಕೊಳ್ಳಬೇಕು, ಆ ನೀರನ್ನೇ ಬೊಗಸೆಯಲ್ಲಿ ಕುಡಿಯಬೇಕು. ಒಂದು ಡ್ರಮ್ ಒಳ್ಳೇ ನೀರು ಕೇಳಿದಾಗ ಧಣಿ ನಕ್ಕಿದ್ದ.

ಈಗ ಅವನು ಮೂಗು ಮುಚ್ಚಿಕೊಂಡ. "ಥೂ, ಹೊಲಸು ಮಂದಿ. ಇಳೀ ಕೆಳಗ. ಏ, ಕಾಟಾ ತೊಳೀರೋ."

ಊರಮ್ಮನಿಗೆ ಕೆಮ್ಮು ಒತ್ತರಿಸಿ ಬಂತು. ಕೆಮ್ಮಿ ಮುಗಿಸಿ, ಕಾಟಾದ ಮೇಲೆಯೇ ಚಕ್ಕಳಮಕ್ಕಳ ಹಾಕಿ ಕೂತಳು.

"ಇಳ್ಯಂಗಿಲ್ಲ. ನಿನ್ನ ಬ್ಯಾಳಿ ತಿಂದವು ನನ್ನ ಹೊಟ್ಯಾಗ ಅದಾವ. ನಿನ್ನ ಹೊಲದಾಗ ಹೊಕ್ಕಾವ. ಹೆಸರು ಹೊಡಿಯೂದಾದ್ರ ಮೊದ್ಲು ಅವುನ್ನ ಹೊರಗ ತಗಿ."

ಗೇಟಿನಲ್ಲಿ ಲಾರಿ ಹಾರ್ನ್ ಹೊಡೆಯಿತು. ಹಮಾಲರು ಬೆನ್ನ ಮೇಲೆ ಮೂಟೆ ಹೊತ್ತು ನಿಂತರು. ಮೂಲೆಯಲ್ಲಿ ನುಚ್ಚು ಕೇರುತ್ತಿದ್ದ ಹೆಂಗಸರೊಳಗಿಂದ, ಅವಳ ಜೊತೆ ಅದೇ ಹೊಲಕ್ಕೆ ನಾಟಿಗೆ ಹೋಗುವ ಜಂಬಮ್ಮ ಮೊರ ಬಿಟ್ಟು ಎದ್ದು ಬಂದು ಕಾಟಾ ಹತ್ತಿದಳು.

"ಸರಕೋಬೇ. ನನಗೂ ಬಿದ್ದಾವ."

ಕಾಟಾದ ಕೆಂಪು ಅಂಕಿ ಎಪ್ಪತ್ತೈದಕ್ಕೆ ಏರಿತು. ಇನ್ನೊಬ್ಬಳು ಹತ್ತಿದಳು. ನೂರಾ ಹದಿನೆಂಟು. ಹಿಂದೆ ಇನ್ನೂ ನಾಲ್ವರು ಸೀರೆ ಎತ್ತಿ ಕಟ್ಟುತ್ತಿದ್ದರು.