ವಾಟೆ ತೊಳೆದ ಹಾಲು

ರಸ ಹಿಂಡಿದ ಮೇಲೆ ನಾಗಮಣಿ ಮಾವಿನ ವಾಟೆಗಳನ್ನು ಬಿಸಾಡಲಿಲ್ಲ. ಒಂದೊಂದನ್ನೇ ತೆಂಗಿನಕಾಯಿ ಹಾಲಿದ್ದ ಪಾತ್ರೆಗೆ ಹಾಕಿ, ಎರಡು ಅಂಗೈಗಳ ನಡುವೆ ಹಿಡಿದು, ನಾರಿಗೆ ಅಂಟಿಕೊಂಡಿದ್ದ ರಸವೆಲ್ಲ ಬಿಡುವ ತನಕ ಉಜ್ಜಿದಳು. ಬೆಳ್ಳಗಿದ್ದ ಹಾಲು ಅರಿಶಿನದ ಬಣ್ಣಕ್ಕೆ ತಿರುಗಿತು. ಪಕ್ಕದಲ್ಲಿ ಕೂತು ಏಲಕ್ಕಿ ಕುಟ್ಟುತ್ತಿದ್ದ ಗಂಗರತ್ನಮ್ಮನ ಕೈ ಅಲ್ಲೇ ನಿಂತಿತು.

"ಇದನ್ನ ನಿಂಗೆ ಯಾರು ಹೇಳ್ಕೊಟ್ಟಿದ್ದು?"

ಏನೋ ತಪ್ಪು ಮಾಡಿಬಿಟ್ಟೆ ಅಂದುಕೊಂಡ ನಾಗಮಣಿ ಕೈಯಲ್ಲಿದ್ದ ವಾಟೆಯನ್ನು ಪಾತ್ರೆಗೆ ಬಿಟ್ಟಳು. "ಯಾರೂ ಇಲ್ಲ" ಅಂದಳು. ಹೇಳಿದ್ದು ನಿಜವೇ. ಅವಳ ಊರು ಬಾಗಲೂರಿನಲ್ಲಿ ವಾಟೆ ತೊಳೆಯುವುದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಅಮ್ಮಂದಿರು ಮಾಡುವುದನ್ನು ಹೆಣ್ಣುಮಕ್ಕಳು ನೋಡಿರುತ್ತಾರೆ, ಅಷ್ಟೆ. ಆದರೆ ಆ ಉತ್ತರವನ್ನು ಗಂಗರತ್ನಮ್ಮ ತೆಗೆದುಕೊಂಡ ರೀತಿಯೇ ಬೇರೆ. ಅವಳು ಒದ್ದೆ ಕಣ್ಣಿನಿಂದ ಎದುರಿಗಿದ್ದ ತಾಹೆರಾಳ ಮುಖ ನೋಡಿದಳು. ತಾಹೆರಾ ತಲೆ ತಗ್ಗಿಸಿ ಬೆಲ್ಲ ಕೆರೆಯುವುದರಲ್ಲಿ ಮುಳುಗಿಹೋದಳು.

ಯಶವಂತಪುರ ಸ್ಟೇಷನ್ನಿನ ಹಿಂದಿನ ಆ ಬೀದಿಯಲ್ಲಿ ಪಂಕಜಾ, ಗಂಗರತ್ನಮ್ಮ, ತಾಹೆರಾ ಅಂದರೆ ಮೂವರಲ್ಲ, ಒಬ್ಬರೇ ಅನ್ನುವ ಲೆಕ್ಕ. ಪ್ರತಿ ಬೇಸಿಗೆಯಲ್ಲೂ ತಾಹೆರಾಳ ಗಂಡ ಖಾದರ್ ಬಾಷಾ ಗುತ್ತಿಗೆ ಹಿಡಿದ ತೋಪಿನಿಂದ ರಸಪುರಿ ಹಣ್ಣಿನ ಮಂಕರಿ ಬಂತು ಅಂದರೆ, ಮೂವರೂ ಪಂಕಜಳ ಹಿತ್ತಲಲ್ಲಿ ಸೇರುತ್ತಿದ್ದರು. ಸೀಕರಣೆ ಮಾಡಿ, ಗೋಣಿಯಲ್ಲಿ ಸುತ್ತಿ ತಂದ ಐಸ್‌ಗಡ್ಡೆಯ ಮೇಲೆ ಪಾತ್ರೆ ಇಟ್ಟು, ಅದು ತಣ್ಣಗಾಗುವ ತನಕ ಬೀದಿಯವರ ಸಮಾಚಾರವನ್ನೆಲ್ಲ ಬಿಸಿಬಿಸಿಯಾಗಿ ಹಂಚಿಕೊಳ್ಳುತ್ತಿದ್ದರು. ವಾಟೆಯನ್ನು ಹಾಲಲ್ಲಿ ತೊಳೆಯುವುದು ಪಂಕಜಳ ಪದ್ಧತಿ. ಬೀದಿಯಲ್ಲಿ ಇನ್ನು ಯಾರೂ ಹಾಗೆ ಮಾಡುತ್ತಿರಲಿಲ್ಲ. ಜಿಪುಣಿ ಅಂತ ಗೆಳತಿಯರು ಅವಳ ಕಾಲೆಳೆಯುತ್ತಿದ್ದರು, ಹಾಗೆ ಎಳೆಯುತ್ತಲೇ ಎರಡೆರಡು ಬಟ್ಟಲು ಖಾಲಿ ಮಾಡುತ್ತಿದ್ದರು.

ಹೋದ ಬೇಸಿಗೆಯಲ್ಲಿ ಪಂಕಜಾ ವಿಷಮಶೀತ ಜ್ವರ ಬಂದು ತೀರಿಕೊಂಡಳು. ಮಕ್ಕಳಿರಲಿಲ್ಲ. ಕಾರ್ತಿಕ ಮಾಸದಲ್ಲಿ ಅವಳ ತಾಯಿಯ ಕಡೆಯವರೇ ಮುಂದೆ ನಿಂತು, ತಮ್ಮ ದೂರದ ಸಂಬಂಧದ ಹುಡುಗಿ ನಾಗಮಣಿಯನ್ನು ಪಂಕಜಳ ಗಂಡ ಉಪೇಂದ್ರನಿಗೆ ತಂದು ಮದುವೆ ಮಾಡಿಸಿದರು. ಅವಳಿಗೆ ಆಗ ತಾನೇ ಹತ್ತೊಂಬತ್ತು ತುಂಬಿತ್ತು. ಮದುವೆಯ ದಿನ ತಾಳಿಯ ಜೊತೆಗೆ ಪಂಕಜಳ ಹೆಸರಿನ ಒಂದು ಚಿಕ್ಕ ಚಿನ್ನದ ಬಿಲ್ಲೆಯನ್ನೂ ಅವಳ ಕೊರಳಿಗೆ ಕಟ್ಟಿದರು. ತೀರಿಕೊಂಡ ಮೊದಲ ಹೆಂಡತಿ ಮುನಿಯದಿರಲಿ ಅಂತ ಎರಡನೆಯವಳು ಹಾಕಿಕೊಳ್ಳಬೇಕಾದ ಬಿಲ್ಲೆ ಅದು. ಸ್ನಾನ ಮಾಡುವಾಗ ಬಿಸಿನೀರು ಬಿದ್ದರೂ ಅದೊಂದು ತಣ್ಣಗೇ ಇರುತ್ತದೆ ಅಂತ ಅವಳಿಗೆ ಅನ್ನಿಸುತ್ತಿತ್ತು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಹೇಳಲು ಯಾರಿದ್ದರು? ಬೀದಿಯ ಹೆಂಗಸರು ಅವಳನ್ನು 'ಪಂಕಜನ ಮನೆಯೋಳು' ಅಂತ ಕರೆಯುತ್ತಿದ್ದರು. ನಲ್ಲಿಯ ಹತ್ತಿರ ಇವಳು ಬಂದರೆ ಮಾತು ನಿಲ್ಲುತ್ತಿತ್ತು. ಅಡುಗೆಮನೆಯ ಡಬ್ಬಗಳು, ಒರಳು, ನಡುಮನೆಯ ಗೋಡೆಯ ಮೇಲಿನ ಪಂಕಜಳ ಫೋಟೋ, ಎಲ್ಲವೂ ಅವಳನ್ನು ಬಂದ ನೆಂಟರನ್ನು ಸಹಿಸುವ ಹಾಗೆ ಸಹಿಸಿಕೊಂಡಿದ್ದವು. ಉಪೇಂದ್ರ ಒಬ್ಬನೇ ಅವಳ ಹೆಸರು ಹಿಡಿದು ಕರೆಯುತ್ತಿದ್ದ. ಬೇರೆ ಗಂಡಸರು 'ಇವಳೇ', 'ಏನೇ' ಅನ್ನುವ ಕಡೆ ಈತ 'ನಾಗಮಣಿ' ಅಂತ ಪ್ರತಿಯೊಂದು ಅಕ್ಷರವನ್ನೂ ಬಿಡಿಸಿ ಹೇಳುತ್ತಿದ್ದ. ನಾಲಿಗೆ ಎಲ್ಲಿ ಜಾರಿಬಿಡುತ್ತದೋ ಅನ್ನುವ ಹೆದರಿಕೆ ಆ ಎಚ್ಚರಿಕೆಯಲ್ಲಿತ್ತು, ಅದು ಅವಳಿಗೂ ಗೊತ್ತಿತ್ತು. ಆದರೂ ಆ ಹೆಸರು ಕೇಳಿದಾಗಲೆಲ್ಲ ಅವಳಿಗೆ ಉಸಿರು ಬಂದ ಹಾಗಾಗುತ್ತಿತ್ತು.

ಅಂಥದ್ದರಲ್ಲಿ ಹಿಂದಿನ ದಿನ ಗಂಗರತ್ನಮ್ಮ ತಾನಾಗಿಯೇ ಬಾಗಿಲಿಗೆ ಬಂದಿದ್ದಳು. ಆ ಬೀದಿಯ ಒಕ್ಕಲು ಮನೆಗಳಲ್ಲಿ, ಸತ್ತವರಿಗೆ ಎಡೆ ಇಡದೆ ಆ ವರ್ಷದ ಹೊಸ ಹಣ್ಣನ್ನು ಬಾಯಿಗೆ ಇಡುತ್ತಿರಲಿಲ್ಲ. ಪಂಕಜಳಿಗೆ ಅವಳ ಮನೆಯಲ್ಲೇ ಸೀಕರಣೆ ಮಾಡಿ ಇಡಬೇಕು, ನಾಳೆ ನಾನೂ ತಾಹೆರಾನೂ ಬರ್ತೀವಿ ಅಂತ ಹೊಸಿಲಾಚೆಯೇ ನಿಂತು ಹೇಳಿ ಹೋಗಿದ್ದಳು. ಕೇಳಿದ್ದು ಸತ್ತವಳಿಗಾಗಿ, ನಿಜ. ಆದರೂ ನಾಗಮಣಿಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಇವರಿಬ್ಬರು ಒಪ್ಪಿಕೊಂಡರೆ ಬೀದಿಯೇ ಒಪ್ಪಿಕೊಂಡ ಹಾಗೆ. ಬೆಳಗಾಗುವ ಮೊದಲೇ ಎದ್ದು ಹಿತ್ತಲು ಸಾರಿಸಿ, ಕಲಾಯಿ ಹಾಕಿದ ಹಿತ್ತಾಳೆ ಪಾತ್ರೆಯನ್ನು ಹುಣಸೆಹಣ್ಣಿನಿಂದ ತಿಕ್ಕಿ ಬೆಳಗಿಟ್ಟು ಕಾದಿದ್ದಳು.

ಈಗ ಗಂಗರತ್ನಮ್ಮ ಕುಟ್ಟಾಣಿ ಬದಿಗಿಟ್ಟು ಹತ್ತಿರ ಸರಿದಳು. ರಸ ಮೆತ್ತಿದ ಆ ಮಣಿಕಟ್ಟನ್ನು ಮೆಲ್ಲಗೆ ಹಿಡಿದುಕೊಂಡಳು. ಗಂಡನನ್ನು ಬಿಟ್ಟರೆ ಈ ಊರಿಗೆ ಬಂದ ಮೇಲೆ ಯಾರೂ ನಾಗಮಣಿಯನ್ನು ಮುಟ್ಟಿರಲಿಲ್ಲ. ನಮ್ಮ ಕಡೆ ಎಲ್ಲರೂ ಹೀಗೇ ಮಾಡೋದು ಅನ್ನುವ ಮಾತು ಬಾಯಿಯ ತನಕ ಬಂದಿತ್ತು. ಆ ಕೈಯ ಬಿಸುಪು ಹೊರಟುಹೋದೀತು ಅಂತ ಅವಳು ಅದನ್ನು ನುಂಗಿಕೊಂಡಳು.

ಆಮೇಲೆ, ಬಹಳ ದಿನಗಳ ನಂತರ, ಆ ಹಿತ್ತಲಿನಲ್ಲಿ ನಗು ಕೇಳಿಸಿತು. ಬಿಗಿದುಕೊಂಡಿದ್ದ ಗಂಗರತ್ನಮ್ಮ ಸಡಿಲವಾದಳು. ಸ್ಟೇಷನ್ ಮಾಸ್ಟರರ ಹೆಂಡತಿ ಹೊಸದಾಗಿ ಬಂದ ನಯಾಪೈಸೆಯ ಲೆಕ್ಕ ತಿಳಿಯದೆ ಸೊಪ್ಪಿನವಳ ಜೊತೆ ಜಗಳಕ್ಕೆ ಬಿದ್ದದ್ದನ್ನು ಅಭಿನಯಿಸಿ ತೋರಿಸಿದಳು. ತಾಹೆರಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಒಂದು ಹಣ್ಣು ಕೈಯಿಂದ ಜಾರಿ ಅದರ ರಸ ನಾಗಮಣಿಯ ಮೂಗಿಗೇ ಚಿಮ್ಮಿತು. ಗಂಗರತ್ನಮ್ಮ ತನ್ನ ಸೆರಗಿನಿಂದಲೇ ಒರೆಸಿದಳು. ಐಸ್‌ಗಡ್ಡೆಗೆ ಅಂಟಿದ್ದ ಮರದ ಹೊಟ್ಟು ತೊಳೆದು, ಒಡೆದು, ಅಗಲವಾದ ಬೋಗುಣಿಯಲ್ಲಿ ಹರಡಿ, ಅದರ ಮೇಲೆ ಪಾತ್ರೆ ಕೂರಿಸಿದರು. ಗೂಡ್ಸ್ ಗಾಡಿಯೊಂದು ಹೊಗೆ ಉಗುಳುತ್ತಾ ಹೋದಾಗ ಮಸಿ ಬೀಳದ ಹಾಗೆ ಮೂವರೂ ಪಾತ್ರೆಯ ಮೇಲೆ ಬಾಗಿ ಸೆರಗು ಹಿಡಿದರು. ಆ ಸೆರಗುಗಳ ಕೆಳಗೆ ಹಣ್ಣಿನ ಘಮದಲ್ಲಿ ಮೂರು ತಲೆಗಳು ಒಂದಕ್ಕೊಂದು ತಾಗಿದವು. ನಾಗಮಣಿಗೆ ತಾನು ಇಲ್ಲೇ ಹುಟ್ಟಿದವಳು ಅನ್ನಿಸಿತು.

"ಚಿಟಿಕೆ ಉಪ್ಪು ಹಾಕೋದು ಮರೀಬೇಡ ಪಂಕಜಾ" ಅಂದಳು ಗಂಗರತ್ನಮ್ಮ.

ತಾಹೆರಾಳ ನಗು ನಿಂತಿತು. ನಾಗಮಣಿ ಉಪ್ಪು ಹಾಕಿದಳು. ಸ್ವಲ್ಪ ಹೊತ್ತಿನಲ್ಲಿ ಇನ್ನೊಮ್ಮೆ ಅದೇ ಹೆಸರು ಬಂತು, ಆಗಲೂ ಅವಳು ತಿದ್ದಲಿಲ್ಲ.

ನಡುಮನೆಯಲ್ಲಿ ಫೋಟೋದ ಕೆಳಗೆ ಬಾಳೆಲೆ ಹಾಕಿ, ಸೀಕರಣೆ ಬಡಿಸಿ, ಪಕ್ಕದಲ್ಲಿ ಒಂದು ಹೊಸ ಸೀರೆ, ಕುಂಕುಮ, ಹೂವು ಇಟ್ಟರು. ಎಡೆ ಇಟ್ಟ ಮೇಲೆ ಬಾಗಿಲು ಮುಂದೆ ಮಾಡಿಕೊಂಡು ಎಲ್ಲರೂ ಹೊರಗೆ ಕೂರಬೇಕು. ಸತ್ತವರು ಬಂದು, ಯಾರ ಕಣ್ಣೂ ಬೀಳದ ಹಾಗೆ ತಿಂದು ಹೋಗಲಿ ಅಂತ. ಇದರಲ್ಲೆಲ್ಲ ನಂಬಿಕೆಯಿಲ್ಲದ ತಾಹೆರಾ ಕೂಡ ಗೆಳತಿಗಾಗಿ ತಲೆಯ ಮೇಲೆ ಸೆರಗು ಹೊದ್ದು ಅವರ ಜೊತೆ ಹಿತ್ತಲಿನ ಮೆಟ್ಟಿಲ ಮೇಲೆ ಕೂತಳು. ಬಿಸಿಲಿಗೆ ಬೀದಿಯೇ ಮಲಗಿತ್ತು. ಒಳಗೆ ಏನೋ ಸರಿದಾಡಿದ ಸದ್ದಾಯಿತು. ಇಲಿಯೋ, ಗಾಳಿಗೆ ಬಾಳೆಲೆ ಅಲುಗಿತೋ, ಎದ್ದು ನೋಡುವ ಹಾಗಿರಲಿಲ್ಲ.

ಆ ಸದ್ದಿಗೆ ಗಂಗರತ್ನಮ್ಮ ಸೆಟೆದು ಕೂತಳು. ಬಾಗಿಲ ಕಡೆ ನೋಡಲಿಲ್ಲ. ನಾಗಮಣಿಯ ಕಡೆ ತಿರುಗಿದಳು.

"ಅವತ್ತು ಒಂದೇ ಒಂದು ಹೋಳು ಕೇಳ್ದೆ ನೀನು. ಜ್ವರದಲ್ಲಿ ನಾಲಿಗೆ ಒಣಗೋಗಿತ್ತು ನಿಂಗೆ. ಮಾವು ಉಷ್ಣ, ಮುಂದಿನ ವರ್ಷ ತಿನ್ನುವಂತೆ ಅಂತ ತಟ್ಟೇನ ನಾನೇ ಆಚೆ ಕಳಿಸ್ದೆ. ಹೋಗೋಳು ಅಂತ ಗೊತ್ತಿದ್ರೆ ಕೊಡ್ತಿರ್ಲಿಲ್ವೇನೇ? ನಿದ್ದೆ ಹತ್ತಿದ್ರೆ ಸಾಕು, ಬಂದು ಕೈ ಚಾಚ್ತೀಯ. ನನ್ ಮೇಲೆ ಸಿಟ್ಟಾ ನಿಂಗೆ?"

ಹೀಗೆ ಕೇಳಿ ಅವಳು ಕಾದಳು. ಹೊರೆ ಹೊತ್ತು ಬಂದ ಹೆಂಗಸು ಇಳಿಸಿಕೊಳ್ಳುವ ಕೈಗಾಗಿ ನೋಡುವ ಹಾಗೆ ನೋಡುತ್ತಿದ್ದಳು. ನಾಗಮಣಿಗೆ ಎದ್ದು ಓಡಿಹೋಗಬೇಕು ಅನ್ನಿಸಿತು. ನಾನು ಅವಳಲ್ಲ ಗಂಗಕ್ಕ, ಬಾಗಲೂರಿನ ನಾಗಮಣಿ, ವಾಟೆ ತೊಳೆದದ್ದು ನಮ್ಮಮ್ಮನಿಂದ ಬಂದದ್ದು ಅಂತ ಹೇಳಿದರೆ ಮುಗಿಯಿತು. ಹೇಳಿದರೆ ಈ ಮುಖ ಏನಾಗುತ್ತದೆ ಅನ್ನುವುದೂ ಅವಳಿಗೆ ಕಾಣುತ್ತಿತ್ತು. ಮತ್ತೆ ನಾಳೆಯಿಂದ ಅದೇ ನಲ್ಲಿ, ಅದೇ ನಿಂತುಹೋಗುವ ಮಾತು. ಅವಳು ತಾಹೆರಾಳನ್ನು ನೋಡಿದಳು. ತಾಹೆರಾ ಕಣ್ಣು ಮುಚ್ಚಿಕೊಂಡಿದ್ದಳು.

"ಇಲ್ಲ ಕಣೆ ಗಂಗಾ" ಅಂದಳು ನಾಗಮಣಿ. "ನಿನ್ ಮೇಲೆ ಯಾತಕ್ಕೆ ಸಿಟ್ಟು? ಇವತ್ತು ಕೊಟ್ಯಲ್ಲ."

ತನಗಿಂತ ಹದಿನೈದು ವರ್ಷ ದೊಡ್ಡವಳನ್ನು ಏಕವಚನದಲ್ಲಿ ಮಾತಾಡಿಸಿದ್ದಕ್ಕೆ ಅವಳ ಕಿವಿಯೇ ಬಿಸಿಯಾಯಿತು. ಗಂಗರತ್ನಮ್ಮ ಅವಳ ಮಡಿಲಲ್ಲಿ ತಲೆಯಿಟ್ಟು, ಚಿಕ್ಕ ಮಗು ಅಳುವ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು. ನಾಗಮಣಿಯ ಕೈ ತಾನಾಗಿಯೇ ಹೋಗಿ ಆ ತಲೆ ಸವರಿತು. ಅಳು ನಿಲ್ಲುವ ಹೊತ್ತಿಗೆ ಬೋಗುಣಿಯ ಐಸೆಲ್ಲ ಕರಗಿ ನೀರಾಗಿತ್ತು.

ಬಾಗಿಲು ತೆರೆದಾಗ ಎಲೆ ಹಾಕಿದ್ದ ಹಾಗೇ ಇತ್ತು. ಎಡೆಯ ಸೀರೆ ಮುತ್ತೈದೆಗೆ ಸೇರಬೇಕು ಅಂತ ಗಂಗರತ್ನಮ್ಮ ಅದನ್ನು ನಾಗಮಣಿಯ ಹೆಗಲಿಗೆ ಹೊದಿಸಿದಳು, ಎಲೆಯ ಮುಂದೆ ಅವಳನ್ನೇ ಕೂರಿಸಿದಳು. ಒಂದು ವರ್ಷದಿಂದ ಮಾವು ಮುಟ್ಟದಿದ್ದವಳು ತಾನೂ ಬಟ್ಟಲು ತುಂಬ ಹಾಕಿಕೊಂಡು ಬೆರಳು ಚೀಪಿ ತಿಂದಳು. ಹೊರಡುವಾಗ ಬೀದಿಯಲ್ಲಿ ನಿಂತು, ನಾಲ್ಕು ಮನೆಗೆ ಕೇಳುವ ಹಾಗೆ, ಬರುವ ವಾರ ಹಲಸಿನ ಹಣ್ಣಿನ ಕಡುಬು ಮಾಡೋಣ ಪಂಕಜಾ ಅಂತ ಕೂಗಿ ಹೇಳಿದಳು. ಎದುರು ಮನೆಯ ಕಿಟಕಿಯಲ್ಲಿ ಒಂದು ತಲೆ ಕಾಣಿಸಿಕೊಂಡಿತು. ಆಗಲಿ ಅಂತ ನಾಗಮಣಿ ಕೈ ಬೀಸಿದಳು.

ತಾಹೆರಾ ಮಂಕರಿ ಎತ್ತಿಕೊಳ್ಳುವ ನೆಪದಲ್ಲಿ ಹಿಂದೆ ಉಳಿದಿದ್ದಳು.

"ನಮ್ಮೋರು ಬಾಗಲೂರಲ್ಲೂ ತೋಪು ಹಿಡೀತಾರೆ. ಅಲ್ಲಿ ಎಲ್ಲಾರ್ ಮನೇಲೂ ವಾಟೆ ಹಿಂಗೇ ತೊಳೀತಾರೆ, ನಂಗೊತ್ತು" ಅಂದಳು. ನಾಗಮಣಿ ಬೆಚ್ಚಿದಳು. "ಗಂಗಕ್ಕಂಗೆ ಹೇಳ್ಬೇಡ ಕಣಮ್ಮ. ಇವತ್ತಾದ್ರೂ ನಿದ್ದೆ ಮಾಡ್ಲಿ."

"ನಾನು ಯಾವತ್ತು ಯೋಳ್ಬೌದು ಮತ್ತೆ?" ಎಂದಳು ನಾಗಮಣಿ. ಇಡೀ ದಿನ ಕಟ್ಟಿಟ್ಟುಕೊಂಡಿದ್ದ ತನ್ನೂರಿನ ಆಡುಮಾತು ಈಗ ಹೊರಬಿದ್ದಿತ್ತು.

ತಾಹೆರಾ ಖಾಲಿ ಮಂಕರಿಯನ್ನು ಸೊಂಟಕ್ಕೆ ಇಟ್ಟುಕೊಂಡು ಹೊರಟಳು.

ಸಂಜೆ ಉಪೇಂದ್ರ ಗೂಡ್ಸ್ ಶೆಡ್ಡಿನ ಕೆಲಸ ಮುಗಿಸಿ ಬಂದು, ಕೈಕಾಲು ತೊಳೆದು ನಡುಮನೆಯ ಕಂಬಕ್ಕೆ ಒರಗಿ ಕೂತ. ನಾಗಮಣಿ ಬಟ್ಟಲಲ್ಲಿ ಸೀಕರಣೆ ತಂದಿಟ್ಟು ಬಾಗಿಲ ಪಕ್ಕ ನಿಂತಳು. ಬೆಳಗಿನಿಂದ ಅವಳ ಹೆಸರು ಯಾರ ಬಾಯಲ್ಲೂ ಬಂದಿರಲಿಲ್ಲ. ಅವನೊಮ್ಮೆ 'ನಾಗಮಣಿ' ಅಂದುಬಿಟ್ಟರೆ ಸಾಕು, ನಡೆದದ್ದನ್ನೆಲ್ಲ ಹೇಳಿ ಅತ್ತುಬಿಡುತ್ತೇನೆ, ಬೇಕಾದರೆ ನಕ್ಕೂ ಬಿಡುತ್ತೇನೆ ಅಂದುಕೊಂಡಳು. ಹಾಗೆ ಅಂದುಕೊಂಡ ಮೇಲೆ ಅವಳಿಗೆ ಸ್ವಲ್ಪ ಧೈರ್ಯ ಬಂತು.

ಉಪೇಂದ್ರ ಮೊದಲ ತುತ್ತು ಬಾಯಿಗಿಟ್ಟು ತಲೆ ಎತ್ತದೆ ತಿನ್ನತೊಡಗಿದ. ಅವಸರವಿಲ್ಲದೆ, ಕಣ್ಣು ಅರ್ಧ ಮುಚ್ಚಿಕೊಂಡು, ಬಟ್ಟಲಿನ ಅಂಚನ್ನೂ ಬೆರಳಿನಿಂದ ಬಳಿದು ತಿಂದ. ಅವನ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ಅವಳು ಯಾವತ್ತೂ ನೋಡಿರಲಿಲ್ಲ.

"ಇನ್ನೊಂಚೂರು ಹಾಕು ಪಂಕಜಾ" ಎಂದು ಬಟ್ಟಲು ಮುಂದೆ ಚಾಚಿದ.

ಹೇಳಿದ್ದು ಅವನ ಕಿವಿಗೇ ಬಿದ್ದಿರಲಿಲ್ಲ. ನಾಗಮಣಿ ಪಾತ್ರೆಯ ತಳದಿಂದ ಸೌಟಿನಲ್ಲಿ ತೊಳಸಿ, ಚೆಲ್ಲದ ಹಾಗೆ ಬಡಿಸಿದಳು.

"ಸಾಕಾ?" ಎಂದು ಕೇಳಿದಳು.