ಜೇಬಿನಲ್ಲೇ ಉಳಿದ ಫ್ಯೂಸು

ಹಿಂದಿನ ಸೀಟಿನ ನಡುವೆ ನನ್ನನ್ನು ತುರುಕಿದ್ದರು. ಎಡಕ್ಕೆ ಹೆಂಡತಿ ಸಂಧ್ಯಾ, ಬಲಕ್ಕೆ ಅತ್ತೆ ಗಂಗಲಕ್ಷ್ಮಮ್ಮ, ತೊಡೆಯ ಮೇಲೆ ಚಕ್ಕುಲಿ ತುಂಬಿದ ಸ್ಟೀಲ್ ಡಬ್ಬ, ಮುಂದೆ ಡ್ರೈವರ್ ಪಕ್ಕದ ಸೀಟಿನ ತುಂಬ ಸೀಮಂತದ ಬುಟ್ಟಿಗಳು. ಬೆಳಿಗ್ಗೆ ಕುಣಿಗಲ್ಲಿನ ನಮ್ಮ ಮನೆಯಲ್ಲಿ ಸೀಮಂತ ಮುಗಿದಿತ್ತು. ಏಳು ತಿಂಗಳ ಬಸುರಿ ಮಗಳನ್ನು ಮಾವ ಪುಟ್ಟರಂಗಯ್ಯ ತಮ್ಮ ಹೊಸ ಕಾರಿನಲ್ಲೇ ನಿಟ್ಟೂರಿಗೆ, ತವರಿಗೆ ಕರೆದೊಯ್ಯುತ್ತಿದ್ದರು. ಹಿಂದಿನ ಎರಡೂ ಬಾಗಿಲಿಗೆ ಚೈಲ್ಡ್ ಲಾಕ್. ಮಗು ಇನ್ನೂ ಹೊಟ್ಟೆಯಲ್ಲಿದೆ, ಲಾಕ್ ಮಾತ್ರ ಈಗಲೇ ಬಿದ್ದಿದೆ. ಮಾವನಿಗೆ ಯಾರ ಮೇಲೂ ನಂಬಿಕೆಯಿಲ್ಲ. ನಾವು ಇಳಿಯಬೇಕೆಂದರೆ ಹೊರಗಿನಿಂದ ಅವರೇ ಬಾಗಿಲು ತೆಗೆಯಬೇಕು.

ನನ್ನ ಮೇಲೆ ಮಾತ್ರ ಮೂರು ವಾರದಿಂದ ನಂಬಿಕೆ ಬಂದುಬಿಟ್ಟಿತ್ತು. ಅದೇ ನನ್ನ ಕರ್ಮ.

ಅಂತರಸನಹಳ್ಳಿಯಲ್ಲಿ ನನ್ನದೊಂದು ಕಾರ್ ಆಡಿಯೋ ಅಂಗಡಿ. 'ವೈರು ತಿರುಚೋನಿಗೆ ಮಗಳನ್ನ ಕೊಡಲ್ಲ' ಎಂದು ವರ್ಷವಿಡೀ ಹಟ ಹಿಡಿದಿದ್ದ ಇದೇ ಮಾವ, ಆಂಪ್ಲಿಫೈಯರ್ ಹಾಕಿಸಲು ನನ್ನ ಬಳಿಗೇ ಬಂದರು. ಅಂದು ಶುಕ್ರವಾರ. ಹತ್ತೂವರೆಗೆ ರಾಹುಕಾಲ, ಅಷ್ಟರೊಳಗೆ ಗಾಡಿ ಅಂಗಡಿ ಬಿಡಬೇಕಂತೆ. ಕೆಲಸಕ್ಕೆ ಮುಂಚೆ ಬ್ಯಾಟರಿಯ ನೆಗೆಟಿವ್ ಬಿಚ್ಚಬೇಕು, ನಾನು ಬಿಚ್ಚಲಿಲ್ಲ. ಬ್ಯಾಟರಿಯಿಂದ ಡಿಕ್ಕಿಯ ಆಂಪ್ಲಿಫೈಯರಿಗೆ ದಪ್ಪ ವೈರು ಹಾಕಬೇಕು, ಕೈಗೆ ಸಿಕ್ಕ ತೆಳ್ಳನೆಯದನ್ನೇ ಎಳೆದೆ. ಹತ್ತು ಇಪ್ಪತ್ತಕ್ಕೆ ಗಡಿಬಿಡಿಯಲ್ಲಿ ಸ್ಪ್ಯಾನರ್ ತಗುಲಿ ಫ್ಯೂಸ್ ಹೋಯಿತು. ಅಂಗಡಿಯಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಾಗಿತ್ತು, ಮಾವ ಸ್ಟೀರಿಂಗ್ ಹಿಡಿದು ಗಡಿಯಾರ ನೋಡುತ್ತಿದ್ದರು. ಸುಟ್ಟ ಫ್ಯೂಸಿಗೇ ತಾಮ್ರದ ಎಳೆಗಳನ್ನು ಸುತ್ತಿ ಬಾನೆಟ್ ಮುಚ್ಚಿದೆ.

ಬ್ಯಾಟರಿಯಿಂದ ಒಂದು ಗೇಣಿನೊಳಗೆ ಸರಿಯಾದ ಫ್ಯೂಸ್ ಇದ್ದರೆ, ವೈರು ಎಲ್ಲಿ ಸುಲಿದು ಕಾರಿನ ಲೋಹದ ಮೈಗೆ ತಗುಲಿದರೂ ಬೆಂಕಿ ಹತ್ತುವ ಮೊದಲೇ ಫ್ಯೂಸ್ ಹೋಗುತ್ತದೆ, ಕಾರು ಉಳಿಯುತ್ತದೆ. ತಾಮ್ರ ಸುತ್ತಿದರೆ ಫ್ಯೂಸ್ ಉಳಿಯುತ್ತದೆ. ಇದನ್ನು ಊರಿಗೆಲ್ಲ ಬೈದು ಹೇಳುವ ದೊಡ್ಡ ಮನುಷ್ಯ ನಾನೇ.

ಅಂಗಡಿಯ ಬಿಲ್ಲು ಬರೆಯುವವಳು ಸಂಧ್ಯಾ. ಸುಟ್ಟ ಫ್ಯೂಸಿನ ವಿಷಯ ಅವಳಿಗೆ ಗೊತ್ತಿತ್ತು. ಸಂಜೆ ಕೇಳಿದಳು: "ಅಪ್ಪನ ಗಾಡಿಗೆ ಹೊಸ ಫ್ಯೂಸ್ ಹಾಕಿದ್ಯಾ?"

"ಹಾಕ್ದೆ ಕಣೇ. ಏನೂ ತೊಂದ್ರೆ ಇಲ್ಲ" ಎಂದೆ. ಭಾನುವಾರ ಕಾರು ತರಿಸಿ ಹಾಕಿದರಾಯಿತು ಎಂದುಕೊಂಡಿದ್ದೆ. ಭಾನುವಾರ ಕಾರು ಬರಲಿಲ್ಲ. ಈ ದಿನ ಸೀಮಂತಕ್ಕೆ ಬಂದಾಗ ಗುಟ್ಟಾಗಿ ಹಾಕಿಬಿಡೋಣವೆಂದು ಹೊಸ ಫ್ಯೂಸು ಶರ್ಟಿನ ಜೇಬಿನಲ್ಲೇ ಇತ್ತು. ಆದರೆ ಬೀಗದ ಕೈ ಮಾವನ ಸೊಂಟದಲ್ಲಿ. ಕಾರಿನ ಸುತ್ತ ನೆಂಟರು, ಅವರ ಮುಂದೆ ಮಾವ ಡಿಕ್ಕಿ ತೆಗೆದು "ನಮ್ ಅಳಿಯಂದ್ರ ಕೈಕೆಲ್ಸ" ಎಂದು ಸ್ಪೀಕರ್ ತೋರಿಸುತ್ತಿದ್ದರು. ಬಾನೆಟ್ ತೆಗೀರಿ ಎನ್ನಲು ನನಗೆ ಬಾಯಿ ಬರಲಿಲ್ಲ.

ಹೆಬ್ಬೂರು ದಾಟಿತು. ಮಾವ ಹಾಡಿನ ಸದ್ದು ಏರಿಸಿದರು. ಸೀಟು ನಡುಗುತ್ತಿತ್ತು.

"ಮಾವ, ಸ್ವಲ್ಪ ಕಮ್ಮಿ ಮಾಡಿ. ಇವಳಿಗೆ ತಲೆ ನೋಯುತ್ತೆ."

"ನಂಗೇನಿಲ್ಲಪ್ಪ" ಎಂದಳು ಸಂಧ್ಯಾ.

"ನಿಮ್ ಕೆಲ್ಸದ ಮ್ಯಾಲೆ ನಿಮ್ಗೇ ನಂಬ್ಕೆ ಇಲ್ವಾ ಅಳಿಯಂದ್ರೆ? ಸುಮ್ನೆ ಕೂತ್ಕಳಿ" ಎಂದು ಮಾವ ನಕ್ಕರು, ಇನ್ನೂ ಒಂದಿಷ್ಟು ಏರಿಸಿದರು.

ಸದ್ದು ಏರಿದಷ್ಟೂ ವೈರಿನಲ್ಲಿ ಕರೆಂಟು ಏರುತ್ತದೆ. ನನಗೆ ಹೆದರಿಕೆಯಾಗತೊಡಗಿತು. ಈಗ ಹೇಳಿದರೆ ಮಾವನ ಮುಂದೆ ಮತ್ತೆ ವೈರು ತಿರುಚೋನೇ ಆಗುತ್ತೇನೆ, ಹೆಂಡತಿಯ ಮುಂದೆ ಸುಳ್ಳನಾಗುತ್ತೇನೆ. ತುಮಕೂರು ಇನ್ನೇನು ಬಂತು, ಅಲ್ಲಿ ಕಾಫಿಗೆ ನಿಲ್ಲಿಸಿದಾಗ ಹೇಗಾದರೂ ಮಾಡೋಣ ಎಂದು ಡಬ್ಬ ಅವುಚಿಕೊಂಡು ಕೂತೆ. ನಾಚಿಕೆಗೆಟ್ಟವನು.

ಆಗ ಸಂಧ್ಯಾ ನನ್ನ ಭುಜಕ್ಕೆ ಒರಗಿದಳು. ಅವಳ ಪಾದಗಳು ತಿಂಗಳಿಂದ ಊದಿಕೊಂಡಿದ್ದವು. ಚಪ್ಪಲಿ ಬಿಟ್ಟು ಬರಿಗಾಲನ್ನು ಬಾಗಿಲ ಪಕ್ಕದ ಮ್ಯಾಟಿನ ಮೇಲೆ ಊರಿದ್ದಳು.

"ಇಲ್ಲಿ ಬೆಚ್ಚಗಿದೆ ಕಣೋ" ಎಂದಳು. "ಕಾಲ್ ನೋವಿಗೆ ಹಾಯ್ ಅನ್ಸ್ತಿದೆ."

ಬಾಗಿಲ ಪಕ್ಕ, ಮ್ಯಾಟಿನ ಕೆಳಗೆ, ನಾನೇ ಎಳೆದ ಕೆಂಪು ವೈರು ಹೋಗುತ್ತದೆ. ನನ್ನ ಕಾಲು ಚಾಚಿ ಮುಟ್ಟಿ ನೋಡಿದೆ. ಬೆಚ್ಚಗಲ್ಲ, ಸುಡುತ್ತಿತ್ತು. ಅವಳ ಊದಿದ ಪಾದಕ್ಕೆ ಅಷ್ಟು ಗೊತ್ತಾಗಿರಲಿಲ್ಲ.

"ಕಾಲ್ ಮೇಲೆತ್ತು" ಎಂದೆ. ಡಬ್ಬ ಉರುಳಿ ಚಕ್ಕುಲಿ ಚೆಲ್ಲಿತು. "ಮಾವ, ಗಾಡಿ ನಿಲ್ಸಿ. ನಾನು ಫ್ಯೂಸ್ ಹಾಕಿಲ್ಲ. ತಾಮ್ರ ಸುತ್ತಿದೀನಿ. ಬಾಗ್ಲು ತೆಗೀರಿ."

ಗೂಳೂರಿನ ಹತ್ತಿರ ನಿಲ್ಲಿಸಿದರು. ಮಾವ ಸುತ್ತಿಕೊಂಡು ಬಂದು ಬಾಗಿಲು ತೆಗೆಯುವಷ್ಟರಲ್ಲಿ ನಾನು ಹ್ಯಾಂಡಲನ್ನು ಹತ್ತು ಸಲ ಎಳೆದಿದ್ದೆ. ಸಂಧ್ಯಾಳನ್ನೂ ಅತ್ತೆಯನ್ನೂ ಇಳಿಸಿ, ಬಾನೆಟ್ ಎತ್ತಿಸಿ, ಬ್ಯಾಟರಿಯಿಂದ ಆ ವೈರನ್ನು ಬಿಚ್ಚಿದೆ. ಮ್ಯಾಟು ಎತ್ತಿದಾಗ ವೈರಿನ ಮೇಲಿನ ಪ್ಲಾಸ್ಟಿಕ್ಕು ಕರಗಿ ಅಂಟಿಕೊಂಡಿತ್ತು. ಒಂದು ಕಡೆ ತಾಮ್ರ ಬರಿದಾಗಿ ಕಾಣುತ್ತಿತ್ತು. ಅದಕ್ಕೂ ಕಾರಿನ ಮೈಗೂ ನಡುವೆ ಒಂದು ಅಕ್ಕಿಕಾಳಿನಷ್ಟು ಜಾಗ ಉಳಿದಿತ್ತು.

ಮಾವ ಬೈಯುತ್ತಾರೆ ಎಂದು ತಲೆ ತಗ್ಗಿಸಿದೆ. ಅವರು ತಾಮ್ರ ಸುತ್ತಿದ ಫ್ಯೂಸನ್ನು ಅಂಗೈಯಲ್ಲಿಟ್ಟು ನೋಡಿದರು. "ರಾವುಕಾಲ ಅಂತ ತರಾತುರಿ ಮಾಡ್ದೋನು ನಾನೇ ಅಲ್ವಾ. ಬುಡಿ, ಆಯ್ತು" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಅತ್ತೆ ಚಕ್ಕುಲಿ ಚೂರುಗಳನ್ನು ಸೆರಗಿಗೆ ತುಂಬಿಕೊಂಡರು. ಎಲ್ಲರೂ ಮತ್ತೆ ಹತ್ತಿದೆವು. ಹಾಡಿಲ್ಲ. ಚೈಲ್ಡ್ ಲಾಕನ್ನು ಮಾವ ತೆಗೆದಿದ್ದರು. ತುಮಕೂರು ದಾಟಿತು, ಗುಬ್ಬಿಯೂ ದಾಟಿತು. ಸಂಧ್ಯಾ ಬಾಗಿಲಿಗೆ ಒರಗಿ, ಅಷ್ಟು ದೊಡ್ಡ ಹೊಟ್ಟೆ ಹೊತ್ತುಕೊಂಡು, ಎರಡೂ ಕಾಲನ್ನು ಸೀಟಿನ ಮೇಲೆ ಮಡಚಿ ಕೂತಿದ್ದಳು. ಅವಳ ಸೊಂಟ ನೋಯುತ್ತಿರುವುದು ಮುಖದಲ್ಲೇ ಕಾಣುತ್ತಿತ್ತು.

"ವೈರೇ ಬಿಚ್ಚಿದೀನಿ ಕಣೇ, ಕಾಲ್ ಕೆಳಗಿಡು" ಎಂದೆ. "ಈಗ ಏನೂ ತೊಂದ್ರೆ ಇಲ್ಲ."

"ಅವತ್ತೂ ಹಿಂಗೇ ಅಂದಿದ್ದೆ" ಎಂದಳು.

ನಿಟ್ಟೂರು ಬರುವವರೆಗೂ ಅವಳು ಕಾಲು ಕೆಳಗಿಡಲಿಲ್ಲ.