ನಾವೇ ಕಟ್ಟಿದ ಅಟ್ಟಣೆ

ಆ ಅಟ್ಟಣೆಯನ್ನು ಕಟ್ಟಿದವರು ನಾವೇ. ತೆಂಗಿನ ಮರದ ಕಂಬ, ಮೇಲೆ ಹಲಗೆ, ಹತ್ತಲು ಮೆಟ್ಟಿಲು. ದೊರೆಯನ್ನು ಕೂರಿಸಲು ಪ್ರಜಾಪಕ್ಷದವರೇ ಬೆವರು ಸುರಿಸುವುದನ್ನು ಕಂಡು ಊರು ನಕ್ಕಿತು. ನಗಲಿ ಬಿಡಿ ಎಂದ, ಪಕ್ಷ ಕಟ್ಟಿದ ನನ್ನ ಸೋದರಮಾವ ಮನಾಸೆ.

ನಮ್ಮ ದ್ವೀಪದಲ್ಲಿ ಯಾರ ತಲೆಯೂ ದೊರೆಯ ತಲೆಗಿಂತ ಮೇಲಿರಕೂಡದು. ಆದರೆ ಅಹವಾಲನ್ನು ನಿಂತೇ ಹೇಳಬೇಕು, ಕೂತವರು ಕೇಳಿಸಿಕೊಳ್ಳಬೇಕಷ್ಟೇ. ನಿಂತು ಹೇಳಿದ್ದಕ್ಕೆ ದೊರೆ ಎಲ್ಲರೆದುರು ಉತ್ತರ ಕೊಡಲೇಬೇಕು. ದೊರೆ ಅಟ್ಟಣೆಯ ಮೇಲಿದ್ದರೆ ನಾವು ಕೆಳಗೆ ಧೈರ್ಯವಾಗಿ ನಿಲ್ಲಬಹುದು, ಅದೇ ಮಾವನ ಲೆಕ್ಕಾಚಾರ. ಅಭ್ಯಾಸಬಲದಿಂದಲೂ ಯಾರೂ ಕೂರದಿರಲಿ ಎಂದು, ಉಬ್ಬರದ ನೀರು ಆಗಷ್ಟೇ ಇಳಿದ ಕೆಸರುಬಯಲನ್ನೇ ಸಭೆಗೆ ಆರಿಸಿದ್ದ. ಕೇಳಬೇಕಾಗಿದ್ದು ಒಂದೇ: ಶಾಸನಸಭೆಯ ಹೆಚ್ಚಿನ ಸ್ಥಾನಗಳಲ್ಲಿ ದೊರೆಯ ನೆಂಟರಲ್ಲ, ನಾವು ಆರಿಸಿದವರು ಕೂರಬೇಕು. ಆ ಮಾತಿಗಾಗಿ ಅವನು ಮೇಷ್ಟರ ಕೆಲಸ ಕಳೆದುಕೊಂಡಿದ್ದ, ಜೈಲಿಗೂ ಹೋಗಿಬಂದಿದ್ದ.

ದೊರೆ ಬಂದ. ಮುದುಕ, ಭಾರೀ ಮೈ, ನಮ್ಮೆಲ್ಲರಂತೆ ಮರ್ಯಾದೆಗೆಂದು ಉಡುವ ಹೆಣೆದ ಚಾಪೆಯನ್ನು ಸೊಂಟಕ್ಕೆ ಸುತ್ತಿದ್ದ. ಅಟ್ಟಣೆಯನ್ನು ನೋಡಿ ನಕ್ಕ.

“ನನ್ನನ್ನ ಅಷ್ಟು ಮೇಲೆ ಕೂರಿಸಿ ದೂರ ಮಾಡ್ತೀರಾ ಮಕ್ಕಳೇ? ನಿಮ್ಮ ಜೊತೆನೇ ಕೂತ್ಕೋತೀನಿ.”

ಹಾಗೆಂದವನೇ ಕೆಸರಿನಲ್ಲಿ ಚಕ್ಕಂಬಕ್ಕಳ ಹಾಕಿ ಕೂತುಬಿಟ್ಟ.

ಇಡೀ ಬಯಲು ದಬದಬನೆ ಕೂತಿತು. ಮಾವನ ಹೆಂಡತಿ ಲೂಪೆ ಅತ್ತೆ ನನ್ನ ಸೊಂಟದ ಚಾಪೆ ಹಿಡಿದು ಜಗ್ಗಿದಳು. “ಕೂತ್ಕೊಳ್ಳೇ! ದೊರೆ ನೆಲದ ಮೇಲಿದಾರೆ, ಕಣ್ಣು ಕಾಣಲ್ವಾ?”

“ಎಲ್ರೂ ಕೂತ್ರೆ ಮಾವ ಮಾತಾಡೋ ಹಾಗೇ ಇಲ್ವಲ್ಲ ಅತ್ತೆ!”

“ಗೊತ್ತು ಕಣೇ,” ಎಂದಳು. ಅಳುತ್ತಿದ್ದಳು, ಆದರೆ ಚಾಪೆ ಬಿಡಲಿಲ್ಲ. ನಾನೂ ಕೂತೆ.

ಮಾವ ಕೊನೆಯವನಾಗಿ ಮಂಡಿಯೂರಿ ಕೂತ. ಮೀನು ಸಿಗುತ್ತಿದೆಯೇ, ಮಕ್ಕಳು ಸುಖವೇ ಎಂದು ದೊರೆ ವಿಚಾರಿಸಿದ, ನಾವು ತಲೆಯಾಡಿಸಿದೆವು. ಅವನು ಹೊರಟಾಗ, “ಎಷ್ಟು ಸರಳ ಮನುಷ್ಯ ನೋಡು!” ಎಂದು ನಮ್ಮ ಪಕ್ಷದವರೇ ಕಣ್ಣೊರೆಸಿಕೊಂಡರು. ನನಗೆ ಮೈಯೆಲ್ಲ ಉರಿದುಹೋಯಿತು. ಇಂದಿಗೂ ನೆನೆದರೆ ಹಲ್ಲು ಕಡಿಯುತ್ತೇನೆ.

ದೊರೆಯ ಕಾರು ಮರೆಯಾದ ಮೇಲೆ ಮಾವ ಎದ್ದ. ಕೆಸರುಗಾಲಿನಲ್ಲೇ ಮೆಟ್ಟಿಲು ಹತ್ತಿ, ಖಾಲಿ ಅಟ್ಟಣೆಯ ಮೇಲೆ ನಿಂತು, ಬಾಯಿಪಾಠ ಮಾಡಿದ್ದ ಅಹವಾಲನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಹೇಳಿದ. ಈಗ ಯಾರು ಬೇಕಾದರೂ ಏಳಬಹುದಿತ್ತು.

ಕೆಸರಿನಲ್ಲಿ ನಾವೆಲ್ಲ ಇನ್ನೂ ಕೂತೇ ಇದ್ದೆವು.